ಮಾವನವರ ಮುಂದೆ ತುಟಿ ಪರೀಕ್ಷೆ

ಮೊನ್ನೆ ಪ್ರೋಗ್ರಾಮಿಗೆ ಹಾಕಿಕೊಳ್ಳುವ ಕೋಟನ್ನು ಇಸ್ತ್ರಿಗೆ ಕೊಡುವ ಮುಂಚೆ ಜೇಬು ತಡಕಿದಾಗ ಒಂದು ಮಾಸ್ಕ್ ಸಿಕ್ಕಿತು. ಅದರಲ್ಲೇನು ವಿಶೇಷ ಅನ್ನುತ್ತೀರಿ. ನಿಮ್ಮ ಮನೆಯಲ್ಲೂ ಒಂದು ಡ್ರಾಯರಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಇನ್ನೂ ಬಿದ್ದಿರುತ್ತದೆ, ಹುಡುಕಿ ನೋಡಿ. ಆದರೆ ನನ್ನದು ಮೂರು ಬೆರಳಗಲದ್ದು. ನೀಲಿ ಬಟ್ಟೆ, ಬಿಳಿ ಚುಕ್ಕಿ, ಬಳೆಯಷ್ಟು ಉದ್ದದ ಎಲಾಸ್ಟಿಕ್ಕು. ಇಸ್ತ್ರಿಯವರು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಇದೇನ್ ಸಾರ್, ಇಲಿಮರಿಗಾ?" ಎಂದರು. "ಅಲ್ಲಪ್ಪ, ನಮ್ಮ ಕೊಬ್ರಣ್ಣಂದು" ಎಂದೆ. ಕೊಬ್ರಣ್ಣ ಯಾರು ಎಂದು ಅವರು ಕೇಳಲಿಲ್ಲ. ನೀವು ಕೇಳುತ್ತೀರಿ ಎಂಬ ಧೈರ್ಯದಿಂದ ಹೇಳುತ್ತೇನೆ.

ಕೊಬ್ರಣ್ಣ ನನ್ನ ಗೊಂಬೆ. ಮರದ ತಲೆ, ಹತ್ತಿ ತುಂಬಿದ ಮೈ. ತಲೆ ಥೇಟ್ ಒಣಗಿದ ಕೊಬ್ಬರಿ ಗಿಟುಕಿನ ಹಾಗಿರುವುದರಿಂದ ಆ ಹೆಸರು. ಬೆನ್ನಿನೊಳಗೆ ಕೈ ಹಾಕಿ ಒಂದು ಕಡ್ಡಿ ಎಳೆದರೆ ಬಾಯಿ ತೆಗೆಯುತ್ತಾನೆ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ತುಟಿ ಚೂರೂ ಅಲ್ಲಾಡಿಸದೆ, ಮಾತಾಡುತ್ತಿರುವುದು ಅವನೇ ಎಂದು ಜನರನ್ನು ನಂಬಿಸುವುದು ನನ್ನ ಕಸುಬು. ನಾಮಕರಣ, ಹುಟ್ಟುಹಬ್ಬ, ಸ್ಕೂಲ್ ಡೇ, ಎಲ್ಲಿ ಕರೆದರೂ ಸೈ. ಸುತ್ತಮುತ್ತ ಈ ವಿದ್ಯೆ ಬಲ್ಲವರು ಹೆಚ್ಚು ಜನ ಇಲ್ಲ. ಇಲ್ಲದಿರುವುದಕ್ಕೆ ಕಾರಣವೂ ಇದೆ ಎಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ.

ವಿದ್ಯೆ ಕಲಿತದ್ದು ಗುಬ್ಬಿಯ ಪ್ರೈಮರಿ ಶಾಲೆಯಲ್ಲಿ, ಕೊನೆಯ ಬೆಂಚಿನಲ್ಲಿ. ಕಲಿಸಿದ ಗುರುವೆಂದರೆ ಮೇಷ್ಟ್ರ ಕೈಯ ಹುಣಸೆ ಬರಲಿನ ಬೆತ್ತ. ತುಟಿ ಅಲ್ಲಾಡಿದವನಿಗೆ ಏಟು. ಅಲ್ಲಾಡಿಸದೆ ಮಾತಾಡಿದರೆ ಯಾರಿಗೆ ಹೊಡೆಯುತ್ತಾರೆ? ಈ ತತ್ವ ನನಗೆ ನಾಲ್ಕನೇ ಕ್ಲಾಸಿನಲ್ಲೇ ಹೊಳೆಯಿತು. ಶಾಲೆಗೆ ಬಾರದ ಗೆಳೆಯರ ಹಾಜರಿಯನ್ನೆಲ್ಲ ನಾನೇ ಕೂಗುತ್ತಿದ್ದೆ. ಒಂದೇ ತೊಡಕು. ಪ, ಬ, ಮ, ಈ ಮೂರು ಅಕ್ಷರ ತುಟಿ ಸೇರದೆ ಹುಟ್ಟುವುದಿಲ್ಲ. ನೀವೇ ಕನ್ನಡಿಯ ಮುಂದೆ ನಿಂತು ನೋಡಿ. ಹಾಗಾಗಿ ನನ್ನ 'ಪ್ರೆಸೆಂಟ್ ಸಾರ್' ಯಾವಾಗಲೂ 'ತ್ರೆಸೆಂಟ್ ಸಾರ್' ಆಗುತ್ತಿತ್ತು. "ಯಾವನ್ಲಾ ಅವ್ನು ತ್ರೆಸೆಂಟು?" ಎಂದು ಮೇಷ್ಟ್ರು ಬೆತ್ತ ಹಿಡಿದು ಬಂದಾಗ ನನ್ನ ಮುಖ ಕಲ್ಲಿನ ಹಾಗಿರುತ್ತಿತ್ತು. ಪಕ್ಕದಲ್ಲಿದ್ದ ರಾಜಣ್ಣನಿಗೆ ನಗು ತಡೆಯಲಾಗುತ್ತಿರಲಿಲ್ಲ. ಏಟೆಲ್ಲ ಅವನಿಗೇ. ಈಗವನು ಗುಬ್ಬಿಯಲ್ಲಿ ದೊಡ್ಡ ಅಡಿಕೆ ವ್ಯಾಪಾರಿ. ಸಿಕ್ಕಾಗಲೆಲ್ಲ ಅಂಗೈ ತೋರಿಸುತ್ತಾನೆ.

ಕಸುಬಿಗಿಳಿದ ಮೇಲೂ ಆ ಮೂರು ಅಕ್ಷರದ ಕಾಟ ತಪ್ಪಲಿಲ್ಲ. ಗೊಂಬೆಯ ಬಾಯಲ್ಲಿ ಅಪ್ಪ 'ಅತ್ತ' ಆಗುತ್ತಾನೆ, ಅಮ್ಮ 'ಅನ್ನ' ಆಗುತ್ತಾಳೆ. ಬೇಗ ಬೇಗ ಹೇಳಿದರೆ ಕೇಳುವವರ ಕಿವಿಯೇ ತಿದ್ದಿಕೊಳ್ಳುತ್ತದೆ ಅನ್ನಿ. ಆದರೆ ಊರಿನ ಹೆಸರುಗಳು ಹಾಗಲ್ಲ. ತುಮಕೂರು 'ತುನಕೂರು' ಆದರೆ ಯಾರೋ ಒಬ್ಬರು ಬೇಜಾರಾಗುತ್ತಾರೆ. ನನ್ನ ಹುಟ್ಟೂರು ಗುಬ್ಬಿ 'ಗುದ್ದಿ' ಆದಾಗಲಂತೂ ಮುಂದಿನ ಸಾಲಿನವರು ಯಾರು ಯಾರಿಗೆ ಗುದ್ದಿದರು ಎಂದು ತಿರುಗಿ ನೋಡುತ್ತಾರೆ. ಕುಣಿಗಲ್ ಆದರೆ ತುಟಿಯ ಹಂಗಿಲ್ಲದ ಊರು. ನನ್ನ ಹೆಂಡತಿಯ ತವರು ಕುಣಿಗಲ್ಲು. ಅದನ್ನೇ ಯೋಚಿಸಿ ಮದುವೆಯಾದೆನೇ ಎಂದು ಒಬ್ಬರು ಕೇಳಿದ್ದರು. ಇಲ್ಲ ಎಂದೆ. ಆದರೂ ಅನುಕೂಲವಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ಬೇಸಿಗೆಯಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಹಾಕಿಕೊಂಡಿತಲ್ಲ, ಆಗ ನನ್ನ ಡೈರಿ ತುಂಬ ಪ್ರೋಗ್ರಾಮುಗಳಿದ್ದವು. ಎರಡೇ ದಿನದಲ್ಲಿ ಎಲ್ಲರೂ ಫೋನ್ ಮಾಡಿದರು. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ, "ಮುಂದಕ್ ಹಾಕಿದೀವಿ ಸಾರ್" ಎಂದರು. ಅದರಲ್ಲೊಂದು ನಾಮಕರಣ. ಆ ಮಗು ಈಗ ಬ್ಯಾಗು ಹಾಕಿಕೊಂಡು ಶಾಲೆಗೆ ಹೋಗುತ್ತಿರಬೇಕು. ನಾಮಕರಣ ಇನ್ನೂ ಮುಂದಕ್ಕೇ ಇದೆ.

ಮೊದಲ ಹತ್ತು ದಿನ ನಾನು ತುಮಕೂರಿನ ಅಂಚಿನಲ್ಲಿರುವ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಮಲಗಿದೆ. ಮಧ್ಯೆ ಎದ್ದದ್ದು ಊಟಕ್ಕೆ. ಕೊಬ್ರಣ್ಣ ಪೆಟ್ಟಿಗೆಯಲ್ಲಿ ಮಲಗಿದ್ದ. ಹನ್ನೊಂದನೇ ದಿನ ಗಿರಿಜ ಸೊಂಟಕ್ಕೆ ಕೈಕೊಟ್ಟು ನಿಂತಳು. ಅವಳು ಶಾಲೆಯ ಟೀಚರು. ಅವಳ ಶಾಲೆಗೂ ಬೀಗ ಬಿದ್ದು, ಬೈಯಲು ಮಕ್ಕಳಿಲ್ಲದೆ ಒದ್ದಾಡುತ್ತಿದ್ದಳು.

"ರೀ, ಆ ಗೊಂಬೆ ಬೆನ್ನಿಗಾದ್ರೂ ಕೈ ಹಾಕಿದ್ರೆ ಏಳುತ್ತೆ. ನಿಮ್ಮನ್ನ ಎಬ್ಬಿಸೋಕೆ ಎಲ್ಲಿ ಕೈ ಹಾಕ್ಬೇಕು?"

ಅಂದೇ ಫ್ರಿಜ್ಜಿನ ಮೇಲೆ ಟೈಮ್‌ಟೇಬಲ್ ಅಂಟಿಸಿದಳು. ಹತ್ತರಿಂದ ಹನ್ನೊಂದು: ತುಟಿ ಅಭ್ಯಾಸ. ಹನ್ನೊಂದರಿಂದ ಹನ್ನೆರಡು: ಹೊಸ ಜೋಕು ಬರೆಯುವುದು. ಮೂರರಿಂದ ನಾಲ್ಕು: ಹೊಸ ಪಾತ್ರ. ಐದಕ್ಕೆ: ಸೊಪ್ಪು ಬಿಡಿಸುವುದು. ಕೊನೆಯದು ಕಲೆಗೆ ಹೇಗೆ ಸಂಬಂಧ ಎಂದು ಕೇಳಿದೆ. "ಬೆರಳಿಗೆ ವ್ಯಾಯಾಮ" ಎಂದಳು.

ಹೊಸ ಪಾತ್ರಕ್ಕೆ ಮನೆಯಲ್ಲಿದ್ದ ಸಿಹಿಗುಂಬಳಕಾಯಿಗೆ ಕಣ್ಣು ಮೂಗು ಬರೆದು, ಟವಲ್ ಸುತ್ತಿ, ಅಜ್ಜಿ ಮಾಡಿದೆ. ಎರಡು ದಿನ ಅಜ್ಜಿ ಚೆನ್ನಾಗಿಯೇ ಮಾತಾಡಿದಳು. ಮೂರನೆಯ ದಿನ ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ. ಗಿರಿಜ ನನ್ನ ಹೊಸ ಪಾತ್ರವನ್ನು ಹುಳಿ ಮಾಡಿ ಬಡಿಸಿದಳು. ರುಚಿಯಾಗಿತ್ತು ಎಂದು ಒಪ್ಪಿಕೊಳ್ಳಲು ಸಂಕಟವಾಗುತ್ತದೆ.

ಆಮೇಲೆ ಹಾಗಲವಾಡಿಯ ಒಂದು ಮನೆಯಿಂದ ಫೋನ್ ಬಂತು. ಮಗಳ ಹುಟ್ಟುಹಬ್ಬ, ವಿಡಿಯೊ ಕಾಲ್‌ನಲ್ಲೇ ಆಟ ತೋರಿಸಬೇಕು. ಕೋಟು ಹಾಕಿಕೊಂಡು, ಕೆಳಗೆ ಪಂಚೆಯಲ್ಲೇ ಕೂತು, ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿ ಶುರುಮಾಡಿದೆ. ಆ ಕಡೆಯಿಂದ ಭಾರಿ ಚಪ್ಪಾಳೆ. "ಸೂಪರ್ ಸಾರ್! ತುಟಿ ಒಂಚೂರೂ ಅಲ್ಲಾಡ್ತಿಲ್ಲ!" ನಾನು ಉಬ್ಬಿ ಹೋಗಿ ಇನ್ನೂ ಹತ್ತು ನಿಮಿಷ ಮಾಡಿದೆ. ಕೊನೆಗೆ ಆ ಮಗು, "ಅಪ್ಪ, ಅಂಕಲ್ ಕಣ್ಣೂ ಮಿಟುಕಿಸ್ತಿಲ್ಲ, ಗೊಂಬೆ ಬಾಯೂ ಅಲ್ಲಾಡ್ತಿಲ್ಲ" ಎಂದಿತು. ನೆಟ್‌ವರ್ಕ್ ಸಿಕ್ಕಿಕೊಂಡು ಮೊದಲ ನಿಮಿಷದಿಂದ ಅವರು ನೋಡುತ್ತಿದ್ದದ್ದು ನನ್ನ ಫೋಟೋವನ್ನು. ನನ್ನ ಜೀವಮಾನದ ಅತಿ ಶುದ್ಧ ಪ್ರದರ್ಶನ ಅದೇ.

ಇಷ್ಟರ ಮೇಲೆ ಮಾಸ್ಕು. ಕೊಬ್ರಣ್ಣನಿಗೂ ಒಂದು ಇರಲಿ ಎಂದು ಗಿರಿಜ ತನ್ನ ಹಳೆಯ ರವಿಕೆ ತುಂಡಿನಲ್ಲಿ ಹೊಲಿದುಕೊಟ್ಟಳು. ಅದನ್ನು ಅವನಿಗೆ ಹಾಕಿ, ನಾನೂ ಹಾಕಿಕೊಂಡು, ಅವನನ್ನು ಎತ್ತಿಕೊಂಡೇ ಹಾಲಿನ ಬೂತಿನ ಸಾಲಿನಲ್ಲಿ ನಿಂತೆ. ನಾಲ್ಕು ಜನ ನಗಲಿ ಎಂದು. "ಅಣ್ಣೋ, ಎರಡು ಪ್ಯಾಕೆಟ್ ಕೊಡಣ್ಣೋ" ಎಂದು ಗೊಂಬೆಯ ದನಿಯಲ್ಲಿ ಕೂಗಿದೆ. ಬೂತಿನವರು ತಲೆಯೆತ್ತಿ ಇಡೀ ಸಾಲನ್ನು ನೋಡಿದರು. "ಯಾರ್ರೀ ಕೇಳಿದ್ದು? ಒಬ್ರದೂ ಬಾಯಿ ಕಾಣಲ್ಲ. ಈಗ ಎಲ್ರೂ ನಿಮ್ ಥರಾನೇ ಆಗೋದ್ರಲ್ಲ ಸಾರ್" ಎಂದರು. ನಲವತ್ತು ವರ್ಷ ಕಷ್ಟಪಟ್ಟು ಕಲಿತದ್ದನ್ನು ಇಡೀ ಕ್ಯಾತ್ಸಂದ್ರ ಒಂದು ತುಂಡು ಬಟ್ಟೆ ಕಟ್ಟಿಕೊಂಡು ಕಲಿತುಬಿಟ್ಟಿತ್ತು.

ಈಗ ನಮ್ಮ ಮಾವನವರು. ಕುಣಿಗಲ್ಲಿನ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಮೆಷಿನ್ ನೋಡಿಕೊಂಡವರು. ಆ ಸದ್ದಿಗೆ ಅವರ ಕಿವಿ ಪೂರ್ತಿ ಹೋಗಿದೆ. ಗಿರಿಜ ಕಿವಿಗೆ ಹಾಕುವ ಮೆಷಿನ್ ಕೊಡಿಸಿದರೆ, "ಮಾತಾಡೋ ಜನದ ಮುಖ ನೋಡುದ್ರೆ ಸಾಕು ಬುಡವ್ವ, ಆ ಮಾತ್ ಬೇರೆ ಕೇಳ್ಬೇಕಾ" ಎಂದು ಡಬ್ಬಿಯಲ್ಲಿಟ್ಟರು. ಅವರಿಗೆ ಅದು ಬೇಕೂ ಇಲ್ಲ. ಎದುರಿಗಿರುವವರ ತುಟಿ ನೋಡಿ ಇಡೀ ಮಾತನ್ನು ತಿಳಿದುಕೊಳ್ಳುತ್ತಾರೆ. ಬೀದಿಯ ಆ ಬದಿಯಲ್ಲಿ ನಿಂತವರ ಗುಟ್ಟೂ ಗೊತ್ತಾಗುತ್ತದೆ. ಹೊಸ ಕನ್ನಡಕ ಮಾಡಿಸಲು ಎರಡು ದಿನಕ್ಕೆಂದು ತುಮಕೂರಿಗೆ ಬಂದಿದ್ದರು. ಕನ್ನಡಕ ಕೈಗೆ ಬಂದ ಮಾರನೆಯ ದಿನವೇ ಬಸ್ಸು ನಿಂತವು. ಹೀಗಾಗಿ ನಮ್ಮ ಮನೆಯಲ್ಲಿ ಉಳಿದರು, ಹೊಸ ಕನ್ನಡಕದ ಸಮೇತ.

ಅಂಥವರಿಗೆ ನನ್ನಂಥ ಅಳಿಯ. ಯೋಚಿಸಿ ನೋಡಿ, ತುಟಿ ಅಲ್ಲಾಡಿಸದವನ ಮಾತು ಅವರಿಗೆ ಎಲ್ಲಿ ತಿಳಿಯಬೇಕು? ಮದುವೆಯಾದ ವರ್ಷ ನನ್ನ ಒಂದು ಪ್ರೋಗ್ರಾಮಿಗೆ ಬಂದಿದ್ದರು. ಊರಿಗೆ ಹೋಗಿ ನೆಂಟರಿಗೆ ಹೇಳಿದ್ದು ಇದು: "ನಮ್ಮಳಿಯಂದ್ರು ಸ್ಟೇಜ್ ಮೇಲೆ ಗೊಂಬೆ ಮಡಗ್ಕೊಂಡು ಸುಮ್ನೆ ಕೂತಿರ್ತಾರೆ. ಅವಾಗವಾಗ ಏನೋ ಒಂದ್ ಪ್ರಶ್ನೆ ಕೇಳ್ತಾರೆ. ಗೊಂಬೆ ಬಾಯ್ ಬಿಡುತ್ತೆ. ಜನ ಚಪ್ಪಾಳೆ ಹೊಡೀತಾರೆ. ಯಾಕೆ ಅಂತ ನಂಗೊತ್ತಿಲ್ಲ." ಆಮೇಲೆ ಅವರು ನನ್ನ ಕಸುಬಿನ ಮಾತೆತ್ತಲಿಲ್ಲ. ಕೆಲಸವಿಲ್ಲದ ಅಳಿಯನ ಬಗ್ಗೆ ಒಳ್ಳೆಯ ಮಾವಂದಿರು ಎಷ್ಟು ಮರ್ಯಾದೆಯಿಂದ ಸುಮ್ಮನಿರುತ್ತಾರೋ ಅಷ್ಟೇ ಮರ್ಯಾದೆಯಿಂದ ಇದ್ದರು.

ಒಂದು ಬೆಳಿಗ್ಗೆ ನಡುಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಮಾವನವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಕೊಬ್ರಣ್ಣ, ಅಂದರೆ ನಾನು, "ಇವತ್ತೂ ಉಪ್ಪಿಟ್ಟಂತೆ ಕಣಣ್ಣೋ" ಎಂದ.

ಪೇಪರಿನ ಮೇಲಿನಿಂದ ನನ್ನ ಕಡೆ ನೋಡುತ್ತಿದ್ದ ಮಾವನವರು ಅದನ್ನು ಇಳಿಸಿದರು. "ಇವತ್ತೂ ಉಪ್ಪಿಟ್ಟಾ? ಲೇ ಗಿರಿಜಾ, ನೆನ್ನೆ ತಾನೇ ಆಗಿತ್ತಲ್ಲವ್ವ!"

ಅಡುಗೆಮನೆಯಿಂದ ಗಿರಿಜ ಇಣುಕಿದಳು. "ಉಪ್ಪಿಟ್ಟು ಅಂತ ಯಾರಪ್ಪ ಹೇಳಿದ್ದು ನಿನಗೆ?"

"ಅಳಿಯಂದ್ರು ಹೇಳುದ್ರಲ್ಲ."

ಕೊಬ್ರಣ್ಣನ ಬೆನ್ನಿನಿಂದ ಕೈ ತೆಗೆದೆ. ಗುಡುಗಿದರೂ ಕೇಳದ ಮನುಷ್ಯನಿಗೆ ಉಪ್ಪಿಟ್ಟು ಕೇಳಿಸಿತೆಂದರೆ ಒಂದೇ ಅರ್ಥ. ನನ್ನ ತುಟಿ ಅಲ್ಲಾಡಿದೆ. ಎರಡು ತಿಂಗಳು ಮಾಸ್ಕಿನ ಹಿಂದೆ ಹೇಗೂ ಕಾಣುವುದಿಲ್ಲವೆಂದು ತುಟಿಯನ್ನು ಸಡಿಲ ಬಿಟ್ಟಿದ್ದೆ, ನನಗೇ ಗೊತ್ತಾಗದಂತೆ ಪ, ಬ, ಮ ಎಲ್ಲ ವಾಪಸ್ಸು ಬಂದು ಬಾಯಲ್ಲಿ ಕೂತಿದ್ದವು. ಪ್ರೋಗ್ರಾಮುಗಳು ಇನ್ನೊಂದು ತಿಂಗಳಲ್ಲಿ ಶುರುವಾದರೆ ಮಾಡಿ ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಸೊಪ್ಪು ಚೆನ್ನಾಗಿ ಬಿಡಿಸುತ್ತಿದ್ದೆ, ಅಷ್ಟೆ. ನಗುತ್ತಾ ಬರೆಯುತ್ತಿದ್ದೇನೆ, ಅವತ್ತು ಮಾತ್ರ ನಗು ಬರಲಿಲ್ಲ.

ಗಿರಿಜಳಿಗೆ ಭಾರಿ ಖುಷಿಯಾಯಿತು. ಪರೀಕ್ಷೆ ನಡೆಸಿ ಎಷ್ಟೋ ದಿನವಾಗಿತ್ತು ಅವಳಿಗೆ. ಮಾರನೆಯ ದಿನದಿಂದ ಹತ್ತು ಗಂಟೆಗೆ ತುಟಿ ಪರೀಕ್ಷೆ. ನಾನು ಗೊಂಬೆಯ ದನಿಯಲ್ಲಿ ಹತ್ತು ಮಾತು ಹೇಳಬೇಕು. ಎದುರಿಗೆ ಮಾವನವರು. ಅವರಿಗೆ ತಿಳಿದರೆ ನನಗೆ ಸೊನ್ನೆ, ತಿಳಿಯದಿದ್ದರೆ ಒಂದು. ಸ್ಲೇಟು ಬಳಪ ಅವಳ ಕೈಯಲ್ಲಿ.

ಮೊದಲ ದಿನ ಕೊಬ್ರಣ್ಣ, "ನಮ್ಮೂರ್ ಬಸ್ಸಲ್ಲಿ ಸೀಟೇ ಇರಲ್ಲ, ಅದಕ್ಕೆ ಡ್ರೈವರೂ ನಿಂತ್ಕೊಂಡೇ ಓಡಿಸ್ತಾನೆ" ಎಂದ. ಮಾವನವರು ಅದನ್ನು ಅಕ್ಷರ ಬಿಡದೆ ಒಪ್ಪಿಸಿದರು. ಒಪ್ಪಿಸಿದ ಮೇಲೆ ಅರ್ಥವಾಗಿ ಹೋ ಎಂದು ನಕ್ಕರು.

"ಅಯ್ಯೋ ಶಿವನೇ, ಈ ಗೊಂಬೆ ಇಂಥವೆಲ್ಲಾ ಮಾತಾಡ್ತದಾ?"

"ಮತ್ತೇನಪ್ಪ," ಎಂದಳು ಗಿರಿಜ, "ಇಷ್ಟ್ ವರ್ಷ ಏನ್ ಅಂದ್ಕೊಂಡಿದ್ದೆ?"

"ನಾನೆಲ್ಲೋ ಬಾಯ್ ಆಕಳ್ಸ್ತದೆ ಅನ್ಕೊಂಡಿದ್ದೆ ಕಣವ್ವ."

ಆ ದಿನ ನನಗೆ ಹತ್ತಕ್ಕೆ ಒಂದು. ಆ ಒಂದೂ ಮಾವನವರು ಸೀನುತ್ತಿದ್ದಾಗ ಬಂದದ್ದು.

ಪರೀಕ್ಷೆ ದಿನಾ ನಡೆಯಿತು. ಮಾವನವರು ಒಂಬತ್ತಕ್ಕೇ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಮದುವೆ ಮನೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ಹೊಸ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ ಕುರ್ಚಿಯಲ್ಲಿ ಕೂರುತ್ತಿದ್ದರು. ಪ್ರೇಕ್ಷಕರೆಂದರೆ ಹೀಗಿರಬೇಕು. ಎಡಬಿಡದೆ ನನ್ನ ಮೂತಿಯನ್ನೇ ನೋಡುವರು. ಜೋಕು ಬಂದರೆ ಮೊದಲು ಒಪ್ಪಿಸುವರು, ಆಮೇಲೆ ನಗುವರು, ಆಮೇಲೆ ಫೋನಿನಲ್ಲಿ ಕುಣಿಗಲ್ಲಿನ ತಮ್ಮನಿಗೆ ಕೂಗಿ ಹೇಳುವರು. ತಮ್ಮನ ಉತ್ತರ ಕೇಳಿಸದಿದ್ದರಿಂದ ತಾವು ಹೇಳಿ ಮುಗಿಸಿ ಇಟ್ಟುಬಿಡುತ್ತಿದ್ದರು.

ನನ್ನ ಅಂಕ ಮೂರಾಯಿತು, ಐದಾಯಿತು, ಒಂದು ವಾರ ಐದರಲ್ಲೇ ನಿಂತಿತು. ಕನ್ನಡಿಯ ಮುಂದೆ ಹಲ್ಲಿಗೆ ಹಲ್ಲು ಕೂಡಿಸಿ ನಿಂತು ನಿಂತು ಕೆನ್ನೆ ನೋವು ಬಂತು. ಎಂಟಾಯಿತು. ಒಂದು ದಿನ ಹತ್ತೂ ಮಾತು ಹೇಳಿ ಮುಗಿಸಿದೆ; ಮಾವನವರು ಒಂದಕ್ಕೂ ಬಾಯಿ ತೆಗೆಯಲಿಲ್ಲ. ಗಿರಿಜ ಸ್ಲೇಟಿನ ಮೇಲೆ ಹತ್ತಕ್ಕೆ ಹತ್ತು ಬರೆದು ಎತ್ತಿ ಹಿಡಿದಳು. ನಾನು ಐವತ್ತು ದಾಟಿದ ಮನುಷ್ಯ ನಡುಮನೆಯ ತುಂಬ ಕುಣಿದೆ.

ಮಾವನವರು ಕುರ್ಚಿಯಲ್ಲೇ ಕೂತಿದ್ದರು. "ಹೂಂ, ಶುರು ಮಾಡಿ ಅಳಿಯಂದ್ರೆ" ಎಂದರು.

"ಮುಗೀತು ಮಾವ."

"ಮುಗೀತಾ? ಏನೂ ಹೇಳ್ಳೇ ಇಲ್ವಲ್ಲ?"

ಸ್ವಲ್ಪ ಹೊತ್ತು ಕೊಬ್ರಣ್ಣನ ಮುಖ ನೋಡಿ, ಎದ್ದು, ಪೇಪರ್ ತೆಗೆದುಕೊಂಡು ಬಾಗಿಲ ಬಳಿ ಹೋದರು. ಮಾರನೆಯ ದಿನ ಹತ್ತಾದರೂ ಬರಲಿಲ್ಲ. ಬಿಳಿ ಅಂಗಿಯೂ ಇರಲಿಲ್ಲ. ಕರೆಯಲು ಹೋದೆ.

"ನೀವ್ ಸುಮ್ಕೆ ಕೂತ್ಕೊಳಾದ ನೋಡಕ್ಕೆ ನಾನ್ಯಾಕೆ ಬುಡಿ," ಎಂದರು. ಕೋಪವಿರಲಿಲ್ಲ. "ನಿಮ್ಗೆ ಪಾಠ ಬಂತಲ್ಲ, ಒಳ್ಳೇದಾಯ್ತು."

ವಿದ್ಯೆ ವಾಪಸ್ಸು ಬಂದ ಸಂತೋಷ ಅರ್ಧ ದಿನವೂ ಉಳಿಯಲಿಲ್ಲ. ಇರುವ ಒಬ್ಬ ಪ್ರೇಕ್ಷಕರನ್ನೂ ಚೆನ್ನಾಗಿ ಮಾಡಿ ಕಳೆದುಕೊಂಡಿದ್ದೆ. ಗಿರಿಜ ಫ್ರಿಜ್ಜಿನ ಮುಂದೆ ನಿಂತು ಟೈಮ್‌ಟೇಬಲ್ ತಿದ್ದಿದಳು. ಹತ್ತರಿಂದ ಹನ್ನೊಂದು: ತುಟಿ ಅಲ್ಲಾಡಿಸದೆ. ಹನ್ನೊಂದರಿಂದ ಹನ್ನೆರಡು: ಅಲ್ಲಾಡಿಸಿ, ಅಪ್ಪನಿಗೆ. ಹೊಸ ಜೋಕು ಬರೆಯುವ ಗಂಟೆ ಹೋಯಿತು. ಅದರಿಂದ ಯಾರಿಗೂ ನಷ್ಟವಿಲ್ಲ ಎಂದಳು. ಬೇಕೆಂದೇ ಕೆಟ್ಟದಾಗಿ ಮಾಡುವುದು ಸುಲಭ ಎಂದುಕೊಂಡಿರಾ? ಮಾವನವರು, "ಒಸಿ ಬುಡ್ಸಿ ಹೇಳಿ ಅಳಿಯಂದ್ರೆ, ಗೊಂಬೆ ಅವಸರ ಮಾಡ್ತದೆ" ಎಂದು ತಿದ್ದುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದೊಂದೇ ಬಾಗಿಲು ತೆರೆಯಿತು. ಮೊದಲ ಪ್ರೋಗ್ರಾಮು ಗುಬ್ಬಿಯಲ್ಲಿ, ಒಂದು ನಾಮಕರಣ. ಮನೆಯ ಮುಂದೆ ಚಪ್ಪರ, ಕೆಲವೇ ಜನ, ಎಲ್ಲರಿಗೂ ಮಾಸ್ಕು. ಗಿರಿಜಳಿಗೆ ಆನ್‌ಲೈನ್ ಕ್ಲಾಸಿತ್ತು. ಮಾವನವರು, "ನಾನಿಲ್ದೆ ಹೆಂಗೆ?" ಎಂದು ಬಿಳಿ ಅಂಗಿ ಹಾಕಿಕೊಂಡು ಸಿದ್ಧರಾಗಿದ್ದರು. ಪೆಟ್ಟಿಗೆ ಹಿಡಿಸಲಿಲ್ಲವೆಂದು ಕೊಬ್ರಣ್ಣನಿಗೆ ಮಾಸ್ಕ್ ತೊಡಿಸಿ, ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟೆವು. ದಾರಿಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. "ಏನ್ರೀ ಇದು, ಮಗೂನೂ ಕೂರಿಸ್ಕೊಂಡು ಮೂರು ಜನ?" ಹತ್ತಿರ ಬಂದು ನೋಡಿ, ಸ್ವಲ್ಪ ಯೋಚಿಸಿ, "ಮಾಸ್ಕ್ ಸರಿಯಾಗ್ ಹಾಕಿದಾನೆ, ಹೋಗ್ರಿ" ಎಂದರು. ಗುಬ್ಬಿ ತಲುಪಿ ಅವನ ಮಾಸ್ಕ್ ಬಿಚ್ಚಿ ಕೋಟಿನ ಜೇಬಿಗೆ ಹಾಕಿದೆ; ತುಟಿ ಕಾಣಬೇಕಲ್ಲ ಎಂದು ಆಟಕ್ಕೆ ನನ್ನದನ್ನೂ ತೆಗೆದಿಟ್ಟೆ.

ಆಟ ಶುರುವಾಯಿತು. ನಾನೇ ಹೇಳಿಕೊಳ್ಳಬಾರದು, ನನ್ನ ತುಟಿ ಅಷ್ಟು ಗಟ್ಟಿಯಾಗಿ ಯಾವತ್ತೂ ಕೂತಿರಲಿಲ್ಲ. ಜನರ ನಗು ಮಾಸ್ಕಿನೊಳಗಿದ್ದರಿಂದ ನನಗೆ ಕಂಡದ್ದು ಭುಜಗಳು ಮಾತ್ರ. ಎಲ್ಲರ ಭುಜ ಕುಲುಕುತ್ತಿತ್ತು. ಮೊದಲ ಸಾಲಿನಲ್ಲಿ ಮಾವನವರು. ಅವರು ನನ್ನ ಬಾಯಿ ನೋಡುವರು, ಆಮೇಲೆ ಎಡಗಡೆಯವರನ್ನು ನೋಡುವರು, ಬಲಗಡೆಯವರನ್ನು ನೋಡುವರು. ಅವರ ಭುಜ ಕುಲುಕುವುದನ್ನು ಕಂಡು ತಾವೂ ಕುಲುಕಿಸುವರು, ಒಂದು ಗಳಿಗೆ ತಡವಾಗಿ. ನನ್ನ ಮರ್ಯಾದೆ ಉಳಿಸಲು.

ಅದನ್ನು ಎರಡು ಸಲ ನೋಡಿದೆ. ಮೂರನೆಯ ಸಲ ನೋಡಲಾಗಲಿಲ್ಲ. ಮುಂದಿನ ಮಾತಿಗೆ ತುಟಿ ಬಿಟ್ಟೆ. ಅರ್ಧಂಬರ್ಧ ಅಲ್ಲ, ಹನ್ನೊಂದು ಗಂಟೆಯ ಕ್ಲಾಸಿನ ಹಾಗೆ ಪ, ಬ, ಮ ಎಲ್ಲ ಬಿಡಿಸಿ ಬಿಡಿಸಿ.

ಮುಂದೆ ಕೂತಿದ್ದ ಪುಟ್ಟ ಹುಡುಗಿ ಎದ್ದು ನಿಂತಳು. "ಅಂಕಲ್! ನಿಮ್ ತುಟಿ ಅಲ್ಲಾಡ್ತೈತೆ! ನೀವೇ ಮಾತಾಡ್ತಿರದು!"

ಚಪ್ಪರವೇ ನಕ್ಕಿತು. ಕೊಬ್ರಣ್ಣನ ಜೋಕಿಗಲ್ಲ, ನನಗೆ. ಆದರೆ ಎಲ್ಲರಿಗಿಂತ ಮುಂಚೆ, ಜೋಕಿಗೇ, ಸರಿಯಾದ ಹೊತ್ತಿಗೆ ನಕ್ಕವರು ಮಾವನವರು. ಮಾಸ್ಕನ್ನು ಗಲ್ಲಕ್ಕೆಳೆದು, ಪಕ್ಕದವರ ತೊಡೆಗೆ ತಟ್ಟಿ ನಕ್ಕರು. ಉಳಿದ ಕಾಲು ಗಂಟೆಯೂ ಹಾಗೇ ಮಾಡಿದೆ. ಮಾತು ಮಾತಿಗೂ ಆ ಹುಡುಗಿ, "ಅಲ್ಲಾಡ್ತು! ಅಲ್ಲಾಡ್ತು!" ಎಂದು ಕೂಗುತ್ತಿದ್ದಳು.

ಊಟಕ್ಕೆ ಕೂತಾಗ ಮಗುವಿನ ತಾತ ನಮ್ಮ ಎದುರಿಗೇ ಎಲೆ ಹಾಕಿಸಿಕೊಂಡರು. ಮಾಸ್ಕ್ ಜೇಬಿಗೆ ಹೋಗಿತ್ತು. ಸಜ್ಜನರು, ಹೇಗೆ ಹೇಳುವುದೆಂದು ಒಬ್ಬಟ್ಟು ಮುರಿಯುತ್ತಾ ಯೋಚಿಸಿ ನಿಧಾನವಾಗಿ ಹೇಳಿದರು.

"ಬೇಜಾರ್ ಮಾಡ್ಕೋಬೇಡಿ ಸಾರ್. ಆರೇಳು ತಿಂಗಳು ಸ್ಟೇಜೇ ಇಲ್ಲ, ಎಂಥವರಿಗೂ ಕೈ ತಪ್ಪುತ್ತೆ. ಮನೇಲಿ ದಿನಾ ಸ್ವಲ್ಪ ಪ್ರಾಕ್ಟೀಸ್ ಇಟ್ಕೊಳ್ಳಿ."

ನಾನು ಅನ್ನ ಕಲಸುತ್ತಿದ್ದೆ. ಅವರ ತುಟಿಯನ್ನೇ ನೋಡುತ್ತಿದ್ದ ಮಾವನವರು ಇಡೀ ಪಂಕ್ತಿಗೆ ಕೇಳುವಂತೆ, ಎದೆ ಮುಂದೆ ಮಾಡಿ ಹೇಳಿದರು:

"ದಿನಾ ಮಾಡ್ತಾರೆ ಸ್ವಾಮಿ, ಒಂದಿನ ತಪ್ಸಲ್ಲ. ನಾನೇ ಮುಂದೆ ಕೂತು ಮಾಡ್ಸದು!"

ತಾತ ನನ್ನನ್ನು ನೋಡಿದರು, ಮಾವನವರನ್ನು ನೋಡಿದರು. ಬಡಿಸುವವರನ್ನು ಕರೆದು, ಇಬ್ಬರ ಎಲೆಗೂ ಇನ್ನೊಂದೊಂದು ಒಬ್ಬಟ್ಟು ಹಾಕಿಸಿದರು.